ನಳದ ಬಾಯಿ

ಹಳೇ ಹುಬ್ಬಳ್ಳಿಯ ನಮ್ಮ ಓಣಿಗೆ ನೀರು ಯಾವ ದಿನ ಬರುತ್ತದೆ ಎಂದು ಯಾವ ಪಂಚಾಂಗದಲ್ಲೂ ಬರೆದಿಲ್ಲ. ಆದರೂ ಎಲ್ಲರಿಗೂ ಗೊತ್ತು. ಆ ದಿನ ಮದುವೆ ಇದ್ದರೆ ಮನೆಯಿಂದ ಒಬ್ಬರು ಮಾತ್ರ ಅಕ್ಷತೆಗೆ ಹೋಗುತ್ತಾರೆ, ಇನ್ನೊಬ್ಬರು ನೀರಿಗೆ ಉಳಿಯುತ್ತಾರೆ. ರಾತ್ರಿ ಹತ್ತರ ಮೇಲೆ ನೀರು ಬಿಡುವವನ ಬೈಕಿನ ಸದ್ದು ಕೇಳಿಸುತ್ತದೆ. ಎದೆಯೆತ್ತರದ ಕಬ್ಬಿಣದ ಚಾವಿಯನ್ನು ಬೈಕಿಗೆ ಅಡ್ಡಲಾಗಿ ಕಟ್ಟಿಕೊಂಡು ಬರುತ್ತಾನೆ. ರಸ್ತೆಯ ನಡುವಿನ ಮುಚ್ಚಳ ಎತ್ತಿ, ಚಾವಿ ಇಳಿಸಿ, ಎರಡೂ ಕೈಯಿಂದ ತಿರುವುತ್ತಾನೆ. ನಿದ್ದೆ ಬಾರದ ರಾತ್ರಿಗಳಲ್ಲಿ ಕಿಟಕಿಯಲ್ಲಿ ನಿಂತು ನಾನು ಅವನ ಸುತ್ತು ಎಣಿಸುವ ಚಟ ಬೆಳೆಸಿಕೊಂಡಿದ್ದೇನೆ. ನಮ್ಮ ಓಣಿಗೆ ಹನ್ನೊಂದು ಸುತ್ತು. ಹನ್ನೊಂದಾದ ಮೇಲೆ ಪೈಪಿನೊಳಗಿಂದ ಮೊದಲು ಗಾಳಿ ಕೆಮ್ಮುತ್ತದೆ, ಆಮೇಲೆ ಕೆಂಪು ನೀರು, ಆಮೇಲೆ ನೀರು.

ಕಳೆದ ಬೇಸಿಗೆಯ ಒಂದು ರಾತ್ರಿ ಅವನು ಎಂಟೇ ಸುತ್ತಿಗೆ ಚಾವಿ ಎತ್ತಿಬಿಟ್ಟ. ನಳದಲ್ಲಿ ನೀರು ಎಳೆಯಾಗಿ ಬಂತು. ಪಕ್ಕದ ಮನೆಯ ಅಕ್ಕ ಕೊಡ ಹಿಡಿದುಕೊಂಡೇ ಹೊರಗೆ ಬಂದು, "ಇವತ್ತೇಕಪ್ಪಾ ಇಷ್ಟು ಸಣ್ಣಗೆ?" ಎಂದು ಕೇಳಿದರು. ಅವನು ಮುಚ್ಚಳ ಮುಚ್ಚುತ್ತ, "ಮೇಲಿನ ಓಣಿಯಲ್ಲಿ ಲಗ್ನ ಇದೆ ಅಕ್ಕಾವ್ರೇ, ಅವರಿಗೆ ಸ್ವಲ್ಪ ಜಾಸ್ತಿ ಹೋಗಲಿ" ಎಂದ. ಅಕ್ಕ ಮರುಮಾತಾಡಲಿಲ್ಲ. ನನಗೂ ಸಿಟ್ಟು ಬರಲಿಲ್ಲ. ಲಗ್ನದ ಮನೆಗೆ ನೀರು ಬೇಕು, ಸರಿಯೇ. ಆದರೆ ಆ ಮೂರು ಸುತ್ತು ತಲೆಯಲ್ಲಿ ಉಳಿದುಕೊಂಡಿತು. ಸವದತ್ತಿಯ ಹತ್ತಿರ ಮಲಪ್ರಭೆಗೆ ಅಣೆಕಟ್ಟು ಕಟ್ಟಿ, ಹತ್ತಾರು ಮೈಲಿ ಪೈಪು ಹಾಕಿ, ಪಂಪು ಕೂರಿಸಿ, ಶುದ್ಧ ಮಾಡಿ, ಟಾಕಿಗೆ ಏರಿಸಿ ತಂದ ನೀರು ಇಲ್ಲಿಗೆ ಬಂದು ಒಬ್ಬ ಮನುಷ್ಯನ ಮೊಣಕೈಗೆ ಕಾಯುತ್ತದೆ. ಯಾವ ಓಣಿಗೆ ಹನ್ನೊಂದು, ಯಾವುದಕ್ಕೆ ಎಂಟು ಎಂಬುದು ಅವನ ನ್ಯಾಯ. ಆ ನ್ಯಾಯ ಯಾವ ಕಡತದಲ್ಲೂ ಇಲ್ಲ.

ನಗರಗಳ ನೀರಿನ ಚರಿತ್ರೆ ಓದುವುದು ನನ್ನ ಹಳೆಯ ಹುಚ್ಚು, ಅದರಲ್ಲೂ ರೋಮಿನದು. ಆ ರಾತ್ರಿಯ ಮೇಲೆ ಅದನ್ನೇ ಮತ್ತೆ ಓದಲು ಕುಳಿತೆ. ಈ ಸಲ ಕಣ್ಣು ಬೇರೆ ಕಡೆಗೆ ಹೋಯಿತು.

ಕಮಾನುಗಳ ಕೆಳಗೆ

ರೋಮಿನ ನೀರು ಎಂದ ಕೂಡಲೇ ಕಣ್ಣಿಗೆ ಕಟ್ಟುವುದು ಬಯಲಲ್ಲಿ ಸಾಲುಗಟ್ಟಿ ನಿಂತ ಕಲ್ಲಿನ ಕಮಾನುಗಳು. ಶಾಲೆಯ ಪುಸ್ತಕದಲ್ಲಿ ನಾವೆಲ್ಲ ನೋಡಿದ ಚಿತ್ರ. ಆದರೆ ಅಲ್ಲಿನ ಮೊದಲ ಕಾಲುವೆಯಾದ ಆಕ್ವಾ ಅಪ್ಪಿಯಾದ ಲೆಕ್ಕ ನೋಡಿ. ಕ್ರಿ.ಪೂ. 312ರಲ್ಲಿ ಶುರುವಾದ ಅದರ ಉದ್ದ ರೋಮನ್ ಅಳತೆಯಲ್ಲಿ 11,190 ಹೆಜ್ಜೆ, ಅಂದರೆ ಹದಿನಾರೂವರೆ ಕಿಲೋಮೀಟರಿನಷ್ಟು. ಅದರಲ್ಲಿ 11,130 ಹೆಜ್ಜೆ ನೆಲದೊಳಗೆ. ಮೇಲೆ ಕಾಣುತ್ತಿದ್ದದ್ದು ಊರ ಬಾಗಿಲ ಬಳಿಯ 60 ಹೆಜ್ಜೆ ಮಾತ್ರ. ಅದಕ್ಕೂ ಮೊದಲು, ಊರು ಹುಟ್ಟಿದಾಗಿನಿಂದ 441 ವರ್ಷ, ಅಲ್ಲಿಯ ಜನ ಟೈಬರ್ ನದಿ, ಬಾವಿ ಮತ್ತು ಬುಗ್ಗೆಗಳ ನೀರನ್ನೇ ಕುಡಿದುಕೊಂಡಿದ್ದರು.

ಈ ಕಾಲುವೆಯ ಹೆಸರಿನ ಹಿಂದೆ ಒಂದು ಕಥೆ ಇದೆ. ನಮ್ಮ ಕಡೆಯ ಶಂಕುಸ್ಥಾಪನೆಯ ಕಲ್ಲುಗಳನ್ನು ಓದಿ ಬೆಳೆದವರಿಗೆ ಅದು ಬೇಗ ಅರ್ಥವಾಗುತ್ತದೆ. ಆಗ ಜನಗಣತಿ, ಸಾರ್ವಜನಿಕ ಕಾಮಗಾರಿ ನೋಡಿಕೊಳ್ಳುವ ಸೆನ್ಸರ್ ಎಂಬ ಹುದ್ದೆಯಲ್ಲಿ ಇಬ್ಬರಿದ್ದರು, ಅಪ್ಪಿಯಸ್ ಕ್ಲಾಡಿಯಸ್ ಮತ್ತು ಗಾಯಸ್ ಪ್ಲಾಟಿಯಸ್. ನೀರಿನ ಸೆಲೆ ಹುಡುಕಿದವನು ಪ್ಲಾಟಿಯಸ್. ಅದಕ್ಕಾಗಿ ಅವನಿಗೆ ವೆನಾಕ್ಸ್ ಎಂಬ ಅಡ್ಡಹೆಸರೇ ಬಂತು, ನೆಲದ ನರ ಹಿಡಿದವನು ಎಂಬ ಅರ್ಥದಲ್ಲಿ. ಹದಿನೆಂಟು ತಿಂಗಳ ಅವಧಿ ಮುಗಿದಾಗ, ಜೊತೆಗಾರನೂ ಇಳಿಯುತ್ತಾನೆ ಎಂದು ನಂಬಿ ಪ್ಲಾಟಿಯಸ್ ರಾಜೀನಾಮೆ ಕೊಟ್ಟ. ಅಪ್ಪಿಯಸ್ ಇಳಿಯಲಿಲ್ಲ. ಏನೇನೋ ನೆಪ ಹೇಳಿ ಕಾಲುವೆ ಮುಗಿಯುವ ತನಕ ಕುರ್ಚಿಯಲ್ಲೇ ಕುಳಿತ. ಕಾಲುವೆಗೆ ಅವನದೇ ಹೆಸರು ಬಿತ್ತು, ಆಗಲೇ ಅವನು ಹಾಕಿಸಿದ ರಸ್ತೆಗೂ ಅವನದೇ. ಸೆಲೆ ಹುಡುಕಿದವನಿಗೆ ಅಡ್ಡಹೆಸರೇ ಗತಿಯಾಯಿತು.

ಇದನ್ನೆಲ್ಲ ಬರೆದಿಟ್ಟವನು ಫ್ರಾಂಟಿನಸ್. ಕ್ರಿ.ಶ. 97ರಲ್ಲಿ ನರ್ವಾ ಚಕ್ರವರ್ತಿ ಅವನನ್ನು ರೋಮಿನ ನೀರಿಗೆ ಮೇಲ್ವಿಚಾರಕನಾಗಿ ನೇಮಿಸಿದ. ಅದಕ್ಕೂ ಮೊದಲು ಅವನು ಬ್ರಿಟನ್ನಿನ ಮೇಲೆ ಗವರ್ನರ್ ಆಗಿದ್ದವನು. ದೊಡ್ಡ ಹುದ್ದೆ ನೋಡಿದವನಿಗೆ ನೀರಿನ ಖಾತೆ ಕೊಟ್ಟರೆ ನಮ್ಮಲ್ಲಾದರೆ ಅಸಮಾಧಾನದ ಸುದ್ದಿ ಹಬ್ಬುತ್ತದೆ. ಇವನು ಮಾತ್ರ ಮೊದಲ ದಿನದಿಂದಲೇ ಟಿಪ್ಪಣಿ ಬರೆಯತೊಡಗಿದ. ಕೈಕೆಳಗಿನವರು ಹೇಳಿಕೊಟ್ಟಂತೆ ಅಧಿಕಾರ ನಡೆಸುವುದಕ್ಕಿಂತ ನಾಚಿಕೆಗೇಡು ಇನ್ನೊಂದಿಲ್ಲ ಎಂಬುದು ಅವನ ಮತ. ಆಗ ಊರಿಗೆ ಒಂಬತ್ತು ಕಾಲುವೆಗಳಿದ್ದವು. ಅವುಗಳ ಬಗ್ಗೆ ಬರೆಯುತ್ತ, ಕೆಲಸಕ್ಕೆ ಬಾರದ ಪಿರಮಿಡ್ಡುಗಳನ್ನು ಇವುಗಳ ಪಕ್ಕದಲ್ಲಿಟ್ಟು ನೋಡಿ ಎಂದು ಒಮ್ಮೆ ಮೀಸೆ ತಿರುವುತ್ತಾನೆ. ಎಲ್ಲರೂ ಎತ್ತಿ ಹೇಳುವುದು ಆ ಸಾಲನ್ನೇ. ಆದರೆ ಅವನ ಬರಹದ ಬಹುಪಾಲು ಕಮಾನಿನ ಬಗ್ಗೆ ಇಲ್ಲ, ಪೈಪಿನ ಬಾಯಿಯ ಬಗ್ಗೆ ಇದೆ.

ಹನ್ನೆರಡು ಬೆರಳಿನ ಮೂತಿ

ಕಾಲುವೆಯ ನೀರು ಊರಿನಲ್ಲಿದ್ದ 247 ಹಂಚಿಕೆಯ ತೊಟ್ಟಿಗಳಿಗೆ ಬರುತ್ತಿತ್ತು. ಅಲ್ಲಿಂದ ಸಾರ್ವಜನಿಕ ಕಟ್ಟೆತೊಟ್ಟಿಗಳಿಗೆ, ಸ್ನಾನಗೃಹಗಳಿಗೆ, ಚಕ್ರವರ್ತಿಯ ಅಪ್ಪಣೆ ಪಡೆದವರ ಮನೆಗಳಿಗೆ. ತೊಟ್ಟಿಯಿಂದ ಮನೆಯ ಪೈಪು ಹೊರಡುವ ಜಾಗದಲ್ಲಿ ಕಂಚಿನ ಒಂದು ಮೂತಿ ಕೂರಿಸಬೇಕಿತ್ತು. ಅದರ ಹೆಸರು ಕ್ಯಾಲಿಕ್ಸ್. ಉದ್ದ ಹನ್ನೆರಡು ಬೆರಳಿಗೆ ಕಡಿಮೆ ಇರಕೂಡದು. ಕಂಚೇ ಏಕೆ? ಸೀಸ ಮೆತ್ತಗೆ, ಬೇಕಾದವರು ಬಡಿದು ಅಗಲಿಸಬಹುದು, ಬೇಡವಾದರೆ ಕಿರಿದು ಮಾಡಬಹುದು. ಕಂಚು ಬಗ್ಗುವುದಿಲ್ಲ. ಮೂತಿಯ ಮೇಲೆ ಅಳತೆಯ ಮುದ್ರೆ ಒತ್ತಬೇಕು. ಅದರ ಮುಂದಿನ ಐವತ್ತು ಅಡಿಯ ತನಕ ಪೈಪೂ ಅದೇ ಅಗಲದ್ದಿರಬೇಕು. ಅಳತೆಯ ಮೂಲಮಾನಕ್ಕೆ ಕ್ವಿನಾರಿಯಾ ಎನ್ನುತ್ತಿದ್ದರು, ಒಂದೂಕಾಲು ಬೆರಳು ಅಡ್ಡಗಲದ ಬಾಯಿ. ನಮ್ಮ ಒಂದಿಂಚಿನ ಪೈಪಿಗಿಂತ ತುಸು ಕಡಿಮೆ.

ಫ್ರಾಂಟಿನಸ್ ತಾನೇ ತೊಟ್ಟಿಗಳ ಬಳಿಗೆ ಹೋಗಿ ನೋಡಿದ. ಕೆಲವು ಮೂತಿಗಳು ಅಪ್ಪಣೆಗಿಂತ ದೊಡ್ಡವು. ಕೆಲವಕ್ಕೆ ಮುದ್ರೆಯೇ ಇಲ್ಲ. ಕೆಲವು ಕಡೆ ಮೂತಿ ಸರಿಯಾಗಿದೆ, ಅದರ ಬೆನ್ನಿಗೇ ಅಗಲದ ಪೈಪು. ಇನ್ನು ಕೆಲವು ಕಡೆ ಮೂತಿಯನ್ನೇ ಹಾಕದೆ ಪೈಪನ್ನು ನೇರ ತೊಟ್ಟಿಗೆ ಚುಚ್ಚಿದ್ದರು. ಮೂತಿಯನ್ನು ಎಷ್ಟು ಎತ್ತರದಲ್ಲಿ ಕೂರಿಸಬೇಕು ಎಂಬುದರಲ್ಲೂ ಕೈಚಳಕ ಇತ್ತು. ಕೆಳಗೆ ಕೂರಿಸಿದ್ದು ಹೆಚ್ಚು ಎಳೆಯುತ್ತದೆ, ಮೇಲಿನದಕ್ಕೆ ಕಡಿಮೆ ಸಿಗುತ್ತದೆ. ಒಬ್ಬರ ನೀರಿನ ಹಕ್ಕು ಇನ್ನೊಬ್ಬರಿಗೆ ಹೋದಾಗ ನೀರಿನ ಆಳುಗಳು ತೊಟ್ಟಿಗೆ ಹೊಸ ತೂತು ಕೊರೆದು, ಹಳೆಯ ತೂತನ್ನು ಮುಚ್ಚದೆ ಹಾಗೇ ಬಿಡುತ್ತಿದ್ದರು. ಹಳೆಯದರ ನೀರು ಅವರ ಮಾರಾಟಕ್ಕೆ. ಊರಿನ ಕಲ್ಲುಹಾಸಿನ ಕೆಳಗೆಲ್ಲ ಕಳ್ಳ ಪೈಪುಗಳು ಹರಿದಾಡಿದ್ದವು. ದಾರಿಯುದ್ದದ ಅಂಗಡಿ ಮುಂಗಟ್ಟುಗಳಿಗೆ ಅವುಗಳಿಂದ ನೀರು ಕೊಡಲು ಒಬ್ಬ ಮನುಷ್ಯನೇ ಇದ್ದ. ಜನ ಅವನನ್ನು ಕರೆಯುತ್ತಿದ್ದ ಹೆಸರನ್ನು ಕನ್ನಡಕ್ಕೆ ತಂದರೆ 'ತೂತಿನವನು' ಎನ್ನಬಹುದು. ಅವನ ಪೈಪುಗಳನ್ನು ಕಿತ್ತು ಹಾಕಿದಾಗ ಸಿಕ್ಕ ಸೀಸವೇ ರಾಶಿಯಾಯಿತಂತೆ.

ನೀರಿನ ಕೆಲಸಕ್ಕೆ 700 ಜನ ಆಳುಗಳಿದ್ದರು, ಎಲ್ಲರೂ ಗುಲಾಮರು. ಅವರಲ್ಲಿ 240 ಜನ ಅಗಸ್ಟಸ್ ಚಕ್ರವರ್ತಿಯ ಬಲಗೈಯಾಗಿದ್ದ ಅಗ್ರಿಪ್ಪ ಬಿಟ್ಟುಹೋದ ತಂಡದವರು, 460 ಜನ ಕ್ಲಾಡಿಯಸ್ ಚಕ್ರವರ್ತಿ ಸೇರಿಸಿದವರು. ತೊಟ್ಟಿ ಕಾಯುವವರು, ಸುತ್ತಾಡಿ ನೋಡುವವರು, ಕಲ್ಲುಹಾಸು ತೆಗೆದು ಹಾಕುವವರು, ಗಾರೆಯವರು ಎಂದು ವಿಂಗಡ. ಪ್ರಭಾವಿಗಳು ಇವರನ್ನು ತಮ್ಮ ಮನೆಗೆಲಸಕ್ಕೆ ಎಳೆದುಕೊಳ್ಳುತ್ತಿದ್ದರು ಎಂದು ಫ್ರಾಂಟಿನಸ್ ಬರೆದುದನ್ನು ಓದಿದಾಗ ನಾನು ಒಬ್ಬನೇ ನಕ್ಕೆ.

ಲೆಕ್ಕದ ಪುಸ್ತಕದಲ್ಲಿ ಊರಿಗೆ ಬಂದ ನೀರು 12,755 ಕ್ವಿನಾರಿಯಾ. ಅದೇ ಪುಸ್ತಕದಲ್ಲಿ ಹಂಚಿದ್ದು 14,018. ಬಂದದ್ದಕ್ಕಿಂತ ಕೊಟ್ಟದ್ದು 1,263 ಹೆಚ್ಚು! ಅಕ್ಷಯಪಾತ್ರೆ ಎಂದು ಸುಮ್ಮನಾಗದೆ ಫ್ರಾಂಟಿನಸ್ ಕಾಲುವೆಗಳ ಮೂಲದಲ್ಲೇ ಅಳೆದ. ಅಲ್ಲಿ ಪುಸ್ತಕಕ್ಕಿಂತ ಸುಮಾರು 10,000 ಹೆಚ್ಚು ಸಿಕ್ಕಿತು. ನೀರಿಗೆ ಬರ ಇರಲಿಲ್ಲ, ನಡುದಾರಿಯಲ್ಲಿ ಅದು ಎಲ್ಲೋ ಇಳಿದು ಹೋಗುತ್ತಿತ್ತು. ಅವನ ಲೆಕ್ಕದಲ್ಲೂ ಒಂದು ಕೊರತೆ ಇತ್ತೆನ್ನಿ. ಅಳೆದದ್ದು ಬಾಯಿಯ ಅಗಲವನ್ನು. ಓಡುವ ನೀರು ಹೆಚ್ಚು ಕೊಡುತ್ತದೆ, ನಿಧಾನದ್ದು ಕಡಿಮೆ ಕೊಡುತ್ತದೆ ಎಂದು ಬಲ್ಲವನಾದರೂ ವೇಗವನ್ನು ಅಂಕಿಗೆ ತರುವ ದಾರಿ ಅವನ ಬಳಿ ಇರಲಿಲ್ಲ.

ಬ್ಯಾಟರಿ ಹಿಡಿದ ರಾತ್ರಿ

ಇಷ್ಟು ಓದಿ, ತೂತಿನವನ ಮೇಲೆ ನಾಲ್ಕು ಮಾತು ಆಡೋಣ ಎಂದು ಹೊರಟವನಿಗೆ ಬೆಟಗೇರಿಯ ನಮ್ಮ ಮನೆ ನೆನಪಾಯಿತು. ನಾನಾಗ ಐದನೆಯ ಇಯತ್ತೆ. ಅಪ್ಪ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರರು. ಊರಿನಲ್ಲಿ ಅವರಿಗೆ ಇದ್ದ ಹೆಸರು ಒಂದೇ, 'ಕಟ್ಟುನಿಟ್ಟು'. ಉತ್ತರಪತ್ರಿಕೆಯಲ್ಲಿ ಅರ್ಧ ಅಂಕಕ್ಕೆ ಬಂದ ಶಿಫಾರಸನ್ನು ಬಾಗಿಲಿಂದಲೇ ಹಿಂದಕ್ಕೆ ಕಳುಹಿಸಿದವರು. ಗದಗ-ಬೆಟಗೇರಿಗೆ ತುಂಗಭದ್ರೆಯ ನೀರು. ನೆಲದ ನೀರು ಸವಳು, ಬೇಳೆ ಬೇಯುವುದಿಲ್ಲ, ಸಾಬೂನು ನೊರೆ ಕೊಡುವುದಿಲ್ಲ. ಹಾಗಾಗಿ ನಳದ ನೀರಿಗೆ ಕಾಯುವುದೇ ಬದುಕು. ಆ ವರ್ಷ ಅವ್ವನಿಗೆ ಬೆನ್ನುನೋವು. ನಳ ಎರಡು ತಾಸು ಬಂದರೂ ಹಂಡೆ, ಹರವಿ, ಬಚ್ಚಲಿನ ಪಕ್ಕದ ಹೌದ ಎಲ್ಲ ತುಂಬುತ್ತಿರಲಿಲ್ಲ.

ಒಂದು ರಾತ್ರಿ ಹನ್ನೊಂದರ ಮೇಲೆ ನಳದ ಕೆಲಸದವನೊಬ್ಬ ಬಂದ. ಅಪ್ಪ ನನ್ನ ಕೈಗೆ ಬ್ಯಾಟರಿ ಕೊಟ್ಟು, "ಅಲ್ಲಾಡಿಸಬೇಡ" ಎಂದರು. ಮನೆಯ ಮುಂದೆ ಮೊಣಕಾಲುದ್ದ ಅಗೆದಾಗ ರಸ್ತೆಯ ದೊಡ್ಡ ಪೈಪು ಕಾಣಿಸಿತು. ಅದಕ್ಕೆ ನಮ್ಮ ಪೈಪು ಕೂಡುವಲ್ಲಿ ಹಿತ್ತಾಳೆಯ ಒಂದು ಮೂತಿ. ಫೆರೂಲ್ ಎನ್ನುತ್ತಾರೆ ಎಂದು ಆಮೇಲೆ ತಿಳಿಯಿತು. ಅರ್ಧ ಇಂಚಿನದು, ಕಾನೂನಿನಂತೆ. ಅವನು ಅದನ್ನು ಬಿಚ್ಚಿ, ಆ ತೂತಿಗೆ ಕಟ್ಟಿಗೆಯ ಬೆಣೆ ಬಡಿದು, ಗೇಣು ದೂರದಲ್ಲಿ ಇನ್ನೊಂದು ತೂತು ಕೊರೆದು ಮುಕ್ಕಾಲು ಇಂಚಿನದನ್ನು ಕೂರಿಸಿದ. ಅಪ್ಪ ಒಂದು ಮಾತೂ ಆಡಲಿಲ್ಲ. ಮಣ್ಣು ಮುಚ್ಚಿದ ಮೇಲೆ ತಾವೇ ಕಾಲಿನಿಂದ ತುಳಿದು ಸಮ ಮಾಡಿದರು.

ಅರ್ಧಕ್ಕೂ ಮುಕ್ಕಾಲಿಗೂ ಎಷ್ಟು ವ್ಯತ್ಯಾಸ ಎಂದರೆ ಐದನೆಯ ಇಯತ್ತೆಯ ನಾನು ಕಾಲು ಇಂಚು ಎನ್ನುತ್ತಿದ್ದೆ. ಅಪ್ಪನಿಗೆ ಗೊತ್ತಿತ್ತು. ವರ್ತುಲದ ಕ್ಷೇತ್ರಫಲ ಕಲಿಸುವಾಗ ಅವರು ಕೊಡುತ್ತಿದ್ದ ಉದಾಹರಣೆಯೇ ಪೈಪಿನದು: ವ್ಯಾಸ ಒಂದೂವರೆ ಪಟ್ಟಾದರೆ ಬಾಯಿ ಎರಡೂಕಾಲು ಪಟ್ಟು. ಮೂರು ವರ್ಷದ ಮೇಲೆ ಅದೇ ಪಾಠವನ್ನು ನಾನೇ ಅವರ ತರಗತಿಯಲ್ಲಿ ಕುಳಿತು ಕೇಳಿದೆ. ಉದಾಹರಣೆ ಬದಲಾಗಿತ್ತು. ಪೈಪಿನ ಜಾಗದಲ್ಲಿ ರೊಟ್ಟಿ ಬಂದಿತ್ತು.

ನಮ್ಮ ಹೌದ ತುಂಬಿ ಉಕ್ಕತೊಡಗಿತು. ಓಣಿಯ ತಗ್ಗಿನ ತುದಿಯಲ್ಲಿ ನೇಕಾರರ ಮನೆಯೊಂದಿತ್ತು. ಅಲ್ಲಿಯ ಹಿರಿಯ ಹೆಂಗಸು ನೀರು ನಿಂತ ಮೇಲೆ ಕೊಡ ತಂದು ನಮ್ಮ ಬಾಗಿಲಲ್ಲಿ ನಿಲ್ಲುವುದು ರೂಢಿಯಾಯಿತು. ಅವ್ವ ಎರಡು ಕೊಡ ತುಂಬಿ ಕೊಡುತ್ತಿದ್ದಳು. ಮಾಸ್ತರರ ಮನೆಯವರದು ದೊಡ್ಡ ಮನಸ್ಸು ಎಂದು ಓಣಿಯಲ್ಲಿ ಹೆಸರಾಯಿತು. ಆ ಹೆಂಗಸಿನ ನಳ ಏಕೆ ಒಣಗಿತು ಎಂದು ನಮ್ಮ ಮನೆಯಲ್ಲಿ ಯಾರೂ ಕೇಳಲಿಲ್ಲ. ರೋಮಿನ ಹಳೆಯ ಕಾನೂನು ಓದುವಾಗ ಈ ಭಾಗದಲ್ಲಿ ನಾನು ಪುಸ್ತಕ ಮುಚ್ಚಿಟ್ಟೆ. ಬಹಳ ಹಿಂದೆ ಅಲ್ಲಿ ಖಾಸಗಿಯವರಿಗೆ ಸಿಗುತ್ತಿದ್ದದ್ದು ಸಾರ್ವಜನಿಕ ತೊಟ್ಟಿ ತುಂಬಿ ಉಕ್ಕಿದ ನೀರು ಮಾತ್ರವಂತೆ, ಅದೂ ಸ್ನಾನಗೃಹಕ್ಕೆ ಇಲ್ಲವೇ ಬಟ್ಟೆ ಮಡಿ ಮಾಡುವವರಿಗೆ, ತೆರಿಗೆ ಕಟ್ಟಿಸಿಕೊಂಡು. ಮೊದಲು ಬೀದಿ, ಉಕ್ಕಿದ್ದು ಮನೆಗೆ. ಬೆಟಗೇರಿಯ ನಮ್ಮ ಓಣಿಯಲ್ಲಿ ಅದು ತಲೆಕೆಳಗಾಗಿತ್ತು.

ಬಾವಿಗೆ ಚಾವಿ ಇಲ್ಲವೇ?

ನಳದ ಊರಿಗಿಂತ ಬಾವಿಯ ಊರು ವಾಸಿ ಎಂದು ಒಂದು ಕಾಲಕ್ಕೆ ವಾದಿಸುತ್ತಿದ್ದೆ. ಗದಗಿನಿಂದ ಹನ್ನೆರಡು ಕಿಲೋಮೀಟರಿನಲ್ಲಿ ಲಕ್ಕುಂಡಿ ಇದೆ, ಶಾಸನಗಳ ಲೊಕ್ಕಿಗುಂಡಿ. ಅತ್ತಿಮಬ್ಬೆ ಬ್ರಹ್ಮಜಿನಾಲಯ ಕಟ್ಟಿಸಿದ ಊರು. ನೂರೊಂದು ಗುಡಿ, ನೂರೊಂದು ಬಾವಿ ಎಂಬ ಮಾತು ಅಲ್ಲಿಯ ಮಕ್ಕಳ ಬಾಯಲ್ಲೂ ಇದೆ. ಮಣಿಕೇಶ್ವರ ಗುಡಿಗೆ ತಗುಲಿಕೊಂಡ ಮುಸುಕಿನ ಬಾವಿಯ ಮೆಟ್ಟಿಲಲ್ಲಿ ಕುಳಿತರೆ ಎದ್ದು ಬರಲು ಮನಸ್ಸಾಗುವುದಿಲ್ಲ. ಮೆಟ್ಟಿಲ ನಡುನಡುವೆ ಪುಟ್ಟ ಗೂಡುಗುಡಿಗಳು, ಕೆಳಗೆ ಹಸಿರು ನೀರು. ರೋಮಿನವರು ನೀರನ್ನು ಮನುಷ್ಯರ ಬಳಿಗೆ ತಂದರು, ನಮ್ಮ ಚಾಲುಕ್ಯರು ಮನುಷ್ಯರನ್ನು ನೀರಿನ ಬಳಿಗೆ ಇಳಿಸಿದರು, ಇಲ್ಲಿ ಮೂತಿಯೂ ಇಲ್ಲ ಚಾವಿಯೂ ಇಲ್ಲ ಎಂದೆಲ್ಲ ಗೆಳೆಯರಿಗೆ ಭಾಷಣ ಬಿಗಿದಿದ್ದೇನೆ.

ಅಜ್ಜಿಯ ಒಂದು ಮಾತು ಆ ಭಾಷಣವನ್ನು ಕೆಡಿಸಿತು. ಅವಳ ತವರಿನ ಬಾವಿಯ ಬಗ್ಗೆ ಕೇಳಿದಾಗ, "ಕೇರಿಯ ಹೆಂಗಸರು ಖಾಲಿ ಕೊಡ ಇಟ್ಟುಕೊಂಡು ದೂರ ನಿಂತಿರುತ್ತಿದ್ದರು. ಯಾರಿಗಾದರೂ ಕರುಣೆ ಬಂದರೆ ಮೇಲಿನಿಂದ ಹೊಯ್ಯುತ್ತಿದ್ದೆವು" ಎಂದಳು. ಬೇಸಿಗೆಯಲ್ಲಿ ಕರುಣೆ ಬರುವುದು ತಡವಾಗುತ್ತಿತ್ತು ಎಂದೂ ಸೇರಿಸಿದಳು. ಯಾರು ಮೆಟ್ಟಿಲಿಳಿಯಬಹುದು ಎಂಬುದೇ ಬಾವಿಯ ಚಾವಿಯಾಗಿತ್ತು. ಅದು ಕಬ್ಬಿಣದ್ದಲ್ಲವಾದ್ದರಿಂದ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ರೋಮಿಗೂ ಮತ್ತೆ ನದಿಗೆ ಇಳಿಯುವ ಕಾಲ ಬಂತು. ಕ್ರಿ.ಶ. 537ರಲ್ಲಿ ಮುತ್ತಿಗೆ ಹಾಕಿದ ಗಾತ್ ಸೈನ್ಯ ಕಾಲುವೆಗಳನ್ನು ಕಡಿಯಿತು. ನೀರಿನಿಂದ ತಿರುಗುತ್ತಿದ್ದ ಹಿಟ್ಟಿನ ಗಿರಣಿಗಳು ನಿಂತವು. ಒಳಗಿದ್ದ ಸೇನಾಪತಿ ಬೆಲಿಸೇರಿಯಸ್ ದೋಣಿಗಳ ನಡುವೆ ಚಕ್ರ ಕಟ್ಟಿ ಟೈಬರ್ ಹೊಳೆಯ ಮೇಲೆಯೇ ಗಿರಣಿ ನಡೆಸಿದ. ಮುಂದಿನ ಶತಮಾನಗಳಲ್ಲಿ ಜನವಸತಿ ಗುಡ್ಡಗಳನ್ನು ಬಿಟ್ಟು ನದಿಯ ತಿರುವಿಗೆ ಸರಿಯಿತು. ನದಿಯ ನೀರನ್ನು ಹೊತ್ತು ಮಾರುವವರು ಹುಟ್ಟಿಕೊಂಡರು. ಟ್ಯಾಂಕರಿನ ನಂಬರನ್ನು ಮೊಬೈಲಿನಲ್ಲಿ ಇಟ್ಟುಕೊಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಂದು ಕಾಲುವೆ ಮಾತ್ರ ಇಂದಿಗೂ ಬದುಕಿದೆ. ಅಗ್ರಿಪ್ಪ ಕ್ರಿ.ಪೂ. 19ರಲ್ಲಿ ತಂದ ಆಕ್ವಾ ವರ್ಗೊ, ದುರಸ್ತಿಯ ಮೇಲೆ ದುರಸ್ತಿ ಕಂಡು, ಟ್ರೆವಿ ಕಾರಂಜಿಗೆ ನೀರು ಕೊಡುತ್ತಿದೆ. ಅದರಲ್ಲಿ ಪ್ರವಾಸಿಗರು ನಾಣ್ಯ ಎಸೆಯುತ್ತಾರೆ.

ಹುಬ್ಬಳ್ಳಿ-ಧಾರವಾಡದ ಕೆಲವು ವಾರ್ಡುಗಳಿಗೆ 2008ರ ಸುಮಾರಿಗೆ ದಿನದ 24 ತಾಸೂ ನೀರು ಬಂತು. ಅಂಥ ವಾರ್ಡಿನಲ್ಲಿ ನನ್ನ ಅತ್ತೆಯ ಮನೆ ಇದೆ. ಮೊದಲ ವಾರ ಅತ್ತೆಗೆ ನಂಬಿಕೆ ಬಾರದೆ ರಾತ್ರಿ ಎದ್ದೆದ್ದು ನಳ ತಿರುಗಿಸಿ ನೋಡುತ್ತಿದ್ದರಂತೆ. ಈಗ ಅವರ ಮನೆಯಲ್ಲಿ ಹಂಡೆ ಮಾರಿ ಆಗಿದೆ. ಅಲ್ಲಿ ಚಾವಿ ಹಿಡಿದವನು ರಾತ್ರಿ ಬರುವುದಿಲ್ಲ, ಮೀಟರು ನೋಡುವವನು ಹಗಲು ಬರುತ್ತಾನೆ. ಆ ಮನೆಗೆ ಹೋದಾಗಲೆಲ್ಲ ನನಗೆ ಹೊಟ್ಟೆಕಿಚ್ಚು, ಮುಚ್ಚಿಡುವುದೇಕೆ.

ಪೆನ್ಸಿಲ್

ಅಪ್ಪ ಕೊನೆಯ ವರ್ಷಗಳಲ್ಲಿ ಬೆಟಗೇರಿಯ ಮನೆಯಲ್ಲೇ ಇದ್ದರು. ಫೋನು ಮಾಡಿದಾಗಲೆಲ್ಲ ಒಂದೇ ದೂರು, ನಳದ ನೀರು ದಾರದಂತೆ ಬರುತ್ತಿದೆ. ಕಾರಣವೂ ಅವರಿಗೆ ಗೊತ್ತಿತ್ತು. "ಮೇಲಿನ ಮನೆಯವರು ದೊಡ್ಡ ಮೂತಿ ಹಾಕಿಸಿದ್ದಾರೆ. ರಾತ್ರಿ ಅಗೆದಿದ್ದಾರೆ, ನಾನು ಸದ್ದು ಕೇಳಿದ್ದೇನೆ" ಎನ್ನುತ್ತಿದ್ದರು. ಅವರ ಕಿವಿ ಆಗಲೇ ಮಂದವಾಗಿತ್ತು. ನಾನು ಹೂಂ ಎನ್ನುತ್ತಿದ್ದೆ. ಬ್ಯಾಟರಿ ಹಿಡಿದ ರಾತ್ರಿಯ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಅವರು ಹೋದ ಎರಡು ವರ್ಷದ ಮೇಲೆ ಹೊಸ ಪೈಪು ಹಾಕಲು ರಸ್ತೆ ಅಗೆದರು. ಮನೆಯ ಕಾಗದಪತ್ರದ ಕೆಲಸಕ್ಕೆ ನಾನು ಅಂದು ಅಲ್ಲೇ ಇದ್ದೆ. ಹಳೆಯ ಪೈಪಿನ ತುಂಡು ಮೇಲೆ ಬಂದಾಗ ಎರಡೂ ತೂತುಗಳು ಕಂಡವು, ಒಂದರಲ್ಲಿ ಕೊಳೆತ ಬೆಣೆ, ಗೇಣು ದೂರದಲ್ಲಿ ಹಿತ್ತಾಳೆಯ ಮೂತಿ. ಕೆಲಸದ ಹುಡುಗ ಮೂತಿಯನ್ನು ಗುಜರಿಗೆ ಹಾಕಲು ಹೊರಟಿದ್ದ. ನೂರು ರೂಪಾಯಿ ಕೊಟ್ಟು ಇಸಿದುಕೊಂಡೆ. ಹುಚ್ಚನನ್ನು ನೋಡುವಂತೆ ನೋಡಿದ.

ಅದೀಗ ನನ್ನ ಮೇಜಿನ ಮೇಲಿದೆ. ನದಿ ಬತ್ತಿದ ವರ್ಷಗಳಲ್ಲಿ ಕೊಳವೆಬಾವಿಗಳ ಸವಳು ನೀರನ್ನೂ ಅದೇ ಪೈಪಿಗೆ ಬಿಡುತ್ತಿದ್ದರು. ಅವ್ವನ ಹಂಡೆಯ ತಳದಲ್ಲಿ ಕಟ್ಟುತ್ತಿದ್ದ ಬಿಳಿಯ ಹಕ್ಕಳೆಯೇ ಮೂತಿಯ ಒಳಗೂ ಕಟ್ಟಿದೆ, ಪದರದ ಮೇಲೆ ಪದರ. ರೋಮಿನ ಕಾಲುವೆಗಳ ಗೋಡೆಗೂ ಇಂಥದ್ದೇ ಸುಣ್ಣ ಕಟ್ಟುತ್ತಿತ್ತು, ಅದನ್ನು ಕೆತ್ತಿ ತೆಗೆಯುತ್ತಿರಬೇಕಿತ್ತು. ಹೊರಗಿನಿಂದ ಅಳೆದರೆ ಇದು ಮುಕ್ಕಾಲು ಇಂಚಿನದೇ. ಒಳಗಿನ ಬಾಯಿ ಎಷ್ಟು ಉಳಿದಿದೆ ನೋಡೋಣ ಎಂದು ಪೆನ್ಸಿಲ್ ತೂರಿಸಿದೆ. ಹೋಗಲಿಲ್ಲ.